ಓಲೆಯ ಬುಡದ ಸಾಲು

ಆ ಊರಿನಲ್ಲಿ ಗುಟ್ಟು ಎಂಬುದು ಇರಲಿಲ್ಲ. ಜನ ಅಷ್ಟು ಒಳ್ಳೆಯವರಾಗಿದ್ದರು ಎಂದಲ್ಲ, ಕಟ್ಟಳೆ ಹಾಗಿತ್ತು. ಒಬ್ಬರಿಗೆ ಹೇಳಿದ ಮಾತು ಎಲ್ಲರಿಗೂ ಮುಟ್ಟಬೇಕು. ಎಲ್ಲರಿಗೂ ಹೇಳಲಾಗದ ಮಾತನ್ನು ಯಾರಿಗೂ ಹೇಳಬಾರದು.

ಇಷ್ಟಕ್ಕೆಲ್ಲ ಕಾರಣ ಒಂದು ಕೌದಿ. ಮೊದಲ ಎರಡು ಹಳೆಯ ಸೀರೆಯ ತುಂಡುಗಳನ್ನು ಯಾವ ಕಾಲದಲ್ಲಿ ಯಾರು ಜೋಡಿಸಿದರೋ ಯಾರಿಗೂ ಗೊತ್ತಿಲ್ಲ. ಈಗ ಅದು ಬಯಲಿನುದ್ದಕ್ಕೂ ಹಬ್ಬಿ, ಮನೆಗಳ ಮೇಲೆ ಹತ್ತಿ ಇಳಿದು, ಎಲ್ಲಿ ಮುಗಿಯುತ್ತದೆ ಎಂದು ಹೇಳಲಾಗದಷ್ಟು ದೊಡ್ಡದಾಗಿತ್ತು. ಅದಕ್ಕೆ ಒಡೆಯರಿಲ್ಲ. ಚಳಿಯಾದವರು ಅಂಚು ಎಳೆದುಕೊಂಡು ಹೊದೆಯಬಹುದು, ಕೇಳುವವರಿಲ್ಲ. ಮನಸ್ಸಾದವರು ಸೂಜಿ ಹಿಡಿದು ಹೊಲಿಯಲೂಬಹುದು, ಆದರೆ ಹೊಲಿಯುವ ಮುನ್ನ ಎಲ್ಲರಿಗೂ ಹೇಳಬೇಕು. ಹಿಂದೊಮ್ಮೆ ಇಬ್ಬರು ನೆರೆಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ನಡುವಿನ ಒಂದು ಹೊಲಿಗೆ ಬಿಚ್ಚಿದ್ದರು. ಮರುದಿನ ಆಚೆ ದಿಕ್ಕಿನ ನಲವತ್ತು ಮನೆಗಳವರ ಮೈಮೇಲಿನ ಹೊದಿಕೆ ಸೀಳಿ ಎರಡಾಗಿತ್ತು. ಅಂದಿನಿಂದ ಬಾಯಿಮಾತು ನಿಂತಿತು. ಹೇಳುವುದಿದ್ದರೆ ಓಲೆ ಬರೆಯಬೇಕು. ಓಲೆ ಚಾವಡಿಗೆ ಬರಬೇಕು. ಚಾವಡಿಯಿಂದ ನಾಲ್ಕು ಸಾವಿರ ಮನೆಗೂ ಹೋಗಬೇಕು.

ಚಾವಡಿಯಲ್ಲಿ ಒಬ್ಬಳಿದ್ದಳು. ಊರು ಅವಳನ್ನು ಓಲೆಯವಳು ಎಂದು ಕರೆಯುತ್ತಿತ್ತು, ಕರೆಯುವ ಸಂದರ್ಭ ಬಂದರೆ. ಬರುತ್ತಿದ್ದುದು ಕಡಿಮೆ.

ಅವಳ ಕೆಲಸ ನಾಲ್ಕು. ನೋಡುವುದು, ಕಟ್ಟುವುದು, ಕತ್ತರಿಸುವುದು, ಒತ್ತುವುದು.

ಬೆಳಗಾದರೆ ಮೂಟೆಗಳು ಬರುತ್ತಿದ್ದವು. ಒಂದೊಂದೇ ಓಲೆ ಎತ್ತಿ ಅವಳು ಬರೆದವರ ಹೆಸರು ನೋಡುತ್ತಿದ್ದಳು. ಚಾವಡಿಯ ಗೋಡೆಯ ತುಂಬ ಹೆಸರುಗಳು. ಗೋಡೆಯಲ್ಲಿ ಹೆಸರಿದ್ದರೆ ಓಲೆ ಮುಂದಕ್ಕೆ. ಇಲ್ಲದಿದ್ದರೆ ತಡೆಬುಟ್ಟಿಗೆ. ಬುಟ್ಟಿಯಲ್ಲಿ ಬಿದ್ದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಬೋಳುತಲೆಗೆ ಎಣ್ಣೆ ಮಾರುವವರು, ಸತ್ತ ರಾಜನ ನಿಧಿಯಲ್ಲಿ ಪಾಲು ಕೊಡುತ್ತೇವೆ ಎನ್ನುವವರು. ಅವರ ಓಲೆಗಳು ಒಲೆಗೆ. ಉಳಿದವರಲ್ಲಿ ನಿಜವಾಗಿ ಹೊಲಿಯಲು ಬಂದವನು ಸಿಕ್ಕರೆ ಅವನ ಹೆಸರನ್ನು ಗೋಡೆಗೆ ಬರೆಯುತ್ತಿದ್ದಳು. ಬಳಿಕ ಕಟ್ಟುವುದು. ತೊಲೆಯಿಂದ ದಾರಗಳು ಇಳಿಬಿದ್ದಿದ್ದವು, ಒಂದು ಮಾತಿಗೆ ಒಂದು ದಾರ. ಮಾತಿಗೆ ಉತ್ತರ ಬಂದರೆ ಅದೇ ದಾರಕ್ಕೆ ಗಂಟು. ಜನ ಕೌದಿಯ ಒಳಪದರದ ಬಿಳಿ ಅಸ್ತರಿಯ ಮಾತು ಶುರುಮಾಡಿ ನಡುವೆ ಸೂಜಿಯ ತುಕ್ಕಿಗೆ ಹಾರಿದರೆ, ಗಂಟು ಬಿಚ್ಚಿ ಬೇರೆ ದಾರಕ್ಕೆ ಕಟ್ಟುವುದು. ಬಳಿಕ ಕತ್ತರಿಸುವುದು. ಕೌದಿಗೆ ಸಂಬಂಧವಿಲ್ಲದ ಸಾಲು ಯಾವುದೇ ಇರಲಿ, ಅದಕ್ಕೆ ಕತ್ತರಿ. ಕೊನೆಗೆ ಒತ್ತುವುದು. ಅವಳ ಕೈಯಲ್ಲಿ ಒಂದು ಮರದ ಮುದ್ರೆ. ಅದನ್ನು ಒತ್ತಿದ ಕೂಡಲೇ ಒಂದು ಓಲೆ ಗೋಡೆಯ ಹೆಸರುಗಳಷ್ಟೇ ಓಲೆಗಳಾಗಿ ಮೂಟೆಗೆ ಬೀಳುತ್ತಿತ್ತು. ಹೇಗೆ ಎಂದು ಕೇಳಬೇಡಿ. ಆ ಊರಿನವರೂ ಕೇಳಿರಲಿಲ್ಲ.

ಬರೆದವರಿಗೂ ಅವರ ಓಲೆಯ ಒಂದು ಪ್ರತಿ ತಿರುಗಿ ಹೋಗುತ್ತಿತ್ತು, ಯಾಕೆಂದರೆ ಅವರ ಹೆಸರೂ ಗೋಡೆಯಲ್ಲಿತ್ತು. ಗೋಡೆಯಲ್ಲಿ ಇಲ್ಲದ್ದು ಒಂದೇ ಹೆಸರು, ಓಲೆಯವಳದು. ಎಲ್ಲರ ಮಾತೂ ಅವಳ ಕೈಯನ್ನು ದಾಟಿ ಹೋಗುತ್ತಿತ್ತು. ಯಾವುದೂ ಅವಳಿಗೆಂದು ಬರುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೆ ಕಳೆದಿತ್ತು. ಅವಳಿಗೆ ಇದು ನೋವು ಎಂದು ತಿಳಿದಿರಲಿಲ್ಲ, ಚಾವಡಿ ಎಂದರೆ ಇಷ್ಟೇ ಎಂದುಕೊಂಡಿದ್ದಳು.

ಕೌದಿಯ ತೀರಾ ಪಡುವಣ ಮೂಲೆಯಲ್ಲಿ ಒಬ್ಬನಿದ್ದ. ಅವನ ಮನೆಯಿಂದ ಆಚೆ ಕೌದಿ ಇಲ್ಲ, ಬರೀ ಕುರುಚಲು. ಅವನನ್ನು ತುದಿಮನೆಯವನು ಎನ್ನುತ್ತಿದ್ದರು. ಮೂಲೆಯ ತುಂಡುಗಳೇ ಬೇಗ ಸವೆಯುವುದು, ಅವನ್ನು ನೋಡುವವರೇ ಕಡಿಮೆ. ಅವನ ಓಲೆಗಳು ಚಿಕ್ಕವು. ‘ಮೂಲೆಯ ತುಂಡು ಸವೆದಿದೆ. ನೀಲಿ ಹಾಕಿದ್ದೇನೆ. ನೋಡಿ ಹೇಳಿ.’ ಯಾರೂ ನೋಡುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಆದರೂ ಪ್ರತಿ ಓಲೆಯ ಬುಡದಲ್ಲಿ, ಸ್ವಲ್ಪ ಜಾಗ ಬಿಟ್ಟು, ಇನ್ನೊಂದು ಸಾಲು ಇರುತ್ತಿತ್ತು.

‘ಊಟ ಆತೇನ್ರಿ?’

ಮೊದಲ ಸಲ ಅದು ಹಾಗೇ ಊರಿಗೆ ಹೋಗಿತ್ತು. ಮರುದಿನವೇ ಹಿರಿಯ ಹೊಲಿಗೆಯವರಿಂದ ಓಲೆ ಬಂತು. ಇವರು ಕೌದಿಯ ನಡುಭಾಗವನ್ನು ನೋಡಿಕೊಳ್ಳುವ ಮೂವರು, ಇವರ ಮಾತಿಗೆ ತೂಕ. ‘ಇವರು ಯಾರನ್ನು ಕೇಳುತ್ತಿದ್ದಾರೆ? ನಾಲ್ಕು ಸಾವಿರ ಮನೆಗಳಲ್ಲಿ ನಾಲ್ಕು ಸಾವಿರ ಹೊತ್ತಿಗೆ ಊಟ. ಎಲ್ಲರೂ ಉತ್ತರ ಬರೆಯುತ್ತ ಕೂತರೆ ಹೊಲಿಯುವವರು ಯಾರು? ಈ ಸಾಲಿಗೆ ಕತ್ತರಿ ಬೀಳಲಿ.’ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸರಿಯಾದ ಮಾತು ಕೆಲವೊಮ್ಮೆ ಹೀಗೇ ಇರುತ್ತದೆ, ಕೈಗೆ ತಣ್ಣಗೆ ಹತ್ತುತ್ತದೆ.

ಎರಡನೆಯ ಓಲೆ ಬಂದಾಗ ಓಲೆಯವಳು ಬುಡದ ಸಾಲು ಕತ್ತರಿಸಿದಳು. ಎಣ್ಣೆಯವರ ಓಲೆಗಳ ಜೊತೆ ಒಲೆಗೆ ಹಾಕಲು ಹೋದಳು. ಕೈ ನಿಂತಿತು. ಕಿರುಬೆರಳಿನಷ್ಟು ಅಗಲದ ಚೂರು, ಅದರಲ್ಲಿ ಎರಡೇ ಪದ. ಚಾವಡಿಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ಅವಳು ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಗೋಡೆಗೆ ಹೇಳಿದಳು.

“ಆತ್ರಿ.”

ಸುಳ್ಳು. ರೊಟ್ಟಿ ಗೂಡಿನಲ್ಲಿ ಒಣಗುತ್ತಿತ್ತು. ಮೂಟೆ ಮುಗಿಯದೆ ಅವಳು ಉಣ್ಣುತ್ತಿರಲಿಲ್ಲ, ಮೂಟೆ ಯಾವತ್ತೂ ಮುಗಿಯುತ್ತಿರಲಿಲ್ಲ. ಆದರೂ ಯಾರಾದರೂ ಕೇಳಿದರೆ ಹಾಗೆ ಹೇಳುವುದು ವಾಡಿಕೆ, ಅವಳಿಗೆ ವಾಡಿಕೆ ನೆನಪಿತ್ತು.

ಚೂರನ್ನು ಒಂದು ಖಾಲಿ ಗಡಿಗೆಗೆ ಹಾಕಿದಳು. ಅಂದಿನಿಂದ ಅವನ ಓಲೆ ಬಂದಾಗಲೆಲ್ಲ ಹೀಗೇ. ಕತ್ತರಿಸುವುದು, “ಆತ್ರಿ” ಎನ್ನುವುದು, ಗಡಿಗೆಗೆ ಹಾಕುವುದು. ಗಡಿಗೆ ಮುಕ್ಕಾಲು ತುಂಬಿತು. ಕೆಲವು ದಿನ ಚೂರನ್ನು ಹಿಡಿದು ಅವಳು ಯೋಚಿಸುವುದಿತ್ತು. ಇವನು ಊರನ್ನೆಲ್ಲ ಕೇಳುತ್ತಿದ್ದಾನೋ, ನನ್ನನ್ನು ಕೇಳುತ್ತಿದ್ದಾನೋ? ಓದುವವಳು ನಾನೊಬ್ಬಳೇ. ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಊರನ್ನೇ ಕೇಳಿರಬೇಕು. ಇನ್ನೊಬ್ಬರ ಮನೆಯ ಊಟಕ್ಕೆ ಎಲೆ ಹಾಕಿಕೊಂಡು ಕೂತ ಹಾಗಾಯಿತು ನನ್ನ ಪಾಡು ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಆದರೂ ಮರುದಿನ ಮೂಟೆ ಬಿಚ್ಚುವಾಗ ಅವಳ ಕಣ್ಣು ಮೊದಲು ಹುಡುಕುತ್ತಿದ್ದುದು ಅವನ ಕೈಬರಹವನ್ನೇ.

ಹೀಗಿರುವಾಗ ಕೆಂಪು ಕಪ್ಪಿನ ಜಗಳ ಬಂತು. ಕೌದಿಯ ಅಂಚಿಗೆ ಯಾವ ಬಣ್ಣದ ದಾರ ಎಂದು ಯಾರೋ ಒಬ್ಬ ಸುಮ್ಮನೆ ಕೇಳಿದ್ದ. ನಡುವಿನ ಹೊಲಿಗೆ ಬಿಚ್ಚಿ ನೇತಾಡುತ್ತಿದ್ದಾಗ ಬಾಯಿ ಬಿಡದವರೆಲ್ಲ ಈಗ ಸಾಲುಗಟ್ಟಿ ನಿಂತರು. ದಾರದ ಬಣ್ಣದ ಬಗ್ಗೆ ಮಾತಾಡಲು ಹೊಲಿಗೆ ಬರಬೇಕಾಗಿಲ್ಲವಲ್ಲ! ಕೆಂಪು ಎಂದವರು ಕಪ್ಪಿನವರ ಅಜ್ಜನನ್ನು ಎಳೆದರು, ಕಪ್ಪಿನವರು ಕೆಂಪಿನವರ ಅಜ್ಜಿಯನ್ನು. ದಿನಕ್ಕೆ ಎಂಟು ಮೂಟೆ, ಹತ್ತು ಮೂಟೆ. ಆ ಜಗಳದ ದಾರ ಒಂದೇ ತೊಲೆಯಿಂದ ನೆಲಕ್ಕೆ ಬಿದ್ದು, ಸುತ್ತಿಕೊಂಡು, ಬಾಗಿಲವರೆಗೆ ಹರಿಯಿತು. ಓಲೆಯವಳು ನೋಡುವುದನ್ನು ಬಿಟ್ಟಳು, ಕತ್ತರಿಸುವುದನ್ನು ಬಿಟ್ಟಳು. ಬರೀ ಒತ್ತಿದಳು. ಕಣ್ಣು ಮುಚ್ಚಿಕೊಂಡು ಒತ್ತಿದಳು.

ಹದಿನೆಂಟನೆಯ ದಿನ ಹೊರೆಯವನು ಮೆಟ್ಟಿಲ ಬಳಿ ನಿಂತ. ಪಡುವಣದ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಮನೆಮನೆಗೆ ಹಂಚುವ ಮುದುಕ ಅವನು. ಹೊರೆಯವರು ಚಾವಡಿಯ ಮೆಟ್ಟಿಲ ಮೇಲೆ ಓಲೆಯ ವಿಷಯ ನಾಲ್ಕು ಮಾತು ಆಡಬಹುದಿತ್ತು, ಅದಕ್ಕೆ ಮಾತ್ರ ಊರು ರಿಯಾಯಿತಿ ಕೊಟ್ಟಿತ್ತು.

“ಯವ್ವಾ, ತುದಿಮನಿ ಓಲಿ ತಿರುಗಿ ಬಂದಾವ. ನಿನ್ನೇನೂ ಬಾಗ್ಲಾ ತೆಗೀಲಿಲ್ಲ, ಇವತ್ತೂ ತೆಗೀಲಿಲ್ಲ.”

“ಎಲ್ಯರೆ ಹೋಗಿರಬೇಕು, ಕಾಕಾ.”

“ಇರಬೇಕು. ನಾ ಏನ್ ಒಳಗ ಹೊಕ್ಕು ನೋಡ್ಲೇನು? ಎರಡ ಸಲ ಆತು. ನಾಳಿಗೂ ತಿರುಗಿ ಬಂದ್ರ ನಿನಗ ಗೊತ್ತೈತಲಾ.”

ಗೊತ್ತಿತ್ತು. ಸತತ ಮೂರು ದಿನ ಓಲೆ ತಿರುಗಿ ಬಂದರೆ ಆ ಹೆಸರಿಗೆ ಸುಣ್ಣ. ಹೆಸರು ಅಳಿದರೆ ಮನೆ ಇದ್ದೂ ಇಲ್ಲದ ಹಾಗೆ. ಕೈಯಾರೆ ಎಷ್ಟೋ ಹೆಸರುಗಳನ್ನು ಅಳಿಸಿದ್ದಳು, ಅಳಿಸುವ ಮುನ್ನ ಯಾವತ್ತೂ ಅವರ ದಾರ ನೋಡಿರಲಿಲ್ಲ. ಈಗ ಅವಳು ತುದಿಮನೆಯ ದಾರವನ್ನು ಹುಡುಕಿದಳು. ಕೆಂಪು ಕಪ್ಪಿನ ರಾಶಿಯಡಿ ಅದು ಸಿಕ್ಕಿತು. ಕೊನೆಯ ಓಲೆ ಹನ್ನೆರಡು ದಿನ ಹಿಂದಿನದು. ಅದರ ಬುಡ ನೋಡಿದಳು. ಸಾಲು ಹಾಗೇ ಇತ್ತು. ಕತ್ತರಿಸಿರಲಿಲ್ಲ. ಅಂದರೆ ಓದಿರಲಿಲ್ಲ. ಅಂದರೆ ಆ ದಿನ “ಆತ್ರಿ” ಎಂದಿರಲೂ ಇಲ್ಲ. ಆ ಸಾಲು ನಾಲ್ಕು ಸಾವಿರ ಮನೆಗೂ ಹೋಗಿತ್ತು, ದಾರದ ಬಣ್ಣದ ಗಲಾಟೆಯಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ.

“ಕಾಕಾ, ಅವರಿಗೆ ಒಂದ ಮಾತು ಹೇಳ್ತಿಯೇನು? ಬಾಗ್ಲಾ ಹೊರಗ ನಿಂತು ಕೂಗಿದ್ರೂ ಸಾಕು.”

ಹೊರೆಯವನು ಹಿಂದೆ ಸರಿದ. “ಬಾಯಿಮಾತು ಒಯ್ಯೂ ಹಂಗಿಲ್ಲ ಯವ್ವಾ. ಹನ್ನೊಂದ ವರ್ಷದಾಗ ಒಂದಿನಾನೂ ಕೇಳಿಲ್ಲ ನೀ. ಈಗ್ಯಾಕ ಹುಚ್ಚು ಹಿಡೀತು?”

ಅವನು ಮೂಟೆಗೆ ಕಾಯುತ್ತಿದ್ದ ಇತರ ಹೊರೆಯವರ ಬಳಿ ಹೋದ ಮೇಲೆ ಅವಳು ಆ ಓಲೆಯನ್ನು ದಾರದಿಂದ ಬಿಚ್ಚಿಕೊಂಡಳು. ಹನ್ನೊಂದು ವರ್ಷ ಕೇಳಿದವನಿಗೆ ಒಂದು ಸಲವಾದರೂ ಉತ್ತರ ಕಾಣಲಿ ಎನಿಸಿತು. ಓಲೆಯನ್ನು ತಿರುವಿ ಬೆನ್ನ ಮೇಲೆ ಬರೆದಳು. ‘ಆತ್ರಿ. ನಿಮ್ಮದಾತೇನ್ರಿ?’ ಹೊರೆಯವನ ಮೂಟೆಯಲ್ಲಿ ಮೆಲ್ಲಗೆ ಸೇರಿಸಿಬಿಟ್ಟರೆ ಆಯಿತು, ಒಂದೇ ಓಲೆ, ಒಂದೇ ಮನೆಗೆ. ಮಸಿ ಒಣಗಲೆಂದು ಊದಿದಳು, ಮುಂದಿಟ್ಟುಕೊಂಡಳು, ಒಮ್ಮೆ ಓದಿದಳು. ಕೈ ತನ್ನಷ್ಟಕ್ಕೆ ಎದ್ದಿತು. ಬರೆದ ಓಲೆ ಮುಂದಿದ್ದರೆ ಕೈ ಏನು ಮಾಡಬೇಕೋ ಅದನ್ನೇ ಮಾಡಿತು.

ಮುದ್ರೆ ಒತ್ತಿದ ಸದ್ದು ಕೇಳಿದ ಮೇಲೆ ಅವಳಿಗೆ ಎಚ್ಚರವಾಯಿತು. ಅಷ್ಟರಲ್ಲಿ ಓಲೆ ನಾಲ್ಕು ಸಾವಿರವಾಗಿ ಮೂಟೆಗಳಿಗೆ ಬಿದ್ದಾಗಿತ್ತು, ಹೊರೆಯವರು ಎತ್ತಿಯೂ ಆಗಿತ್ತು. ಬೀದಿಯವರೆಗೆ ಓಡಿದಳು. ಹೊರೆಯವರ ಬೆನ್ನುಗಳು ನಾಲ್ಕು ದಿಕ್ಕಿಗೂ ಚಿಕ್ಕದಾಗುತ್ತ ಹೋದವು.

ಮರುದಿನ ಬಂದ ಮೂಟೆಗಳನ್ನು ಇಡಲು ಜಾಗವಿರಲಿಲ್ಲ.

ಮೊದಲು ಸಿಕ್ಕಿದವು ಸಿಟ್ಟಿನವು. ‘ಇದೇನು ಕೌದಿಯ ವಿಷಯವೇ?’ ‘ನನ್ನ ಹೆಸರು ಗೋಡೆಯಿಂದ ತೆಗೆಯಿರಿ.’ ‘ನನ್ನದೂ ತೆಗೆಯಿರಿ.’ ‘ಹೆಸರು ತೆಗೆಸುವವರು ಚಾವಡಿಗೆ ಬರೆಯಿರಿ, ಎಲ್ಲರಿಗೂ ಬರೆದು ತಲೆ ತಿನ್ನಬೇಡಿ’ ಎಂದು ಒಬ್ಬ ಎಲ್ಲರಿಗೂ ಬರೆದಿದ್ದ. ಅವನಿಗೆ ಬುದ್ಧಿ ಹೇಳಿ ಮೂವತ್ತು ಜನ ಎಲ್ಲರಿಗೂ ಬರೆದಿದ್ದರು. ಓಲೆಯವಳು ಇವನ್ನೆಲ್ಲ ಬಲ್ಲಳು, ಓದುತ್ತ ನಗುವಷ್ಟು ಬಲ್ಲಳು.

ಅದರ ಕೆಳಗಿನ ಓಲೆಗಳು ಬೇರೆ ಇದ್ದವು.

‘ಆತ್ರಿ. ರೊಟ್ಟಿ, ಪುಂಡಿಪಲ್ಯ.’ ‘ಇನ್ನೂ ಇಲ್ರಿ, ಒಲಿ ಹೊತ್ತವಲ್ದು.’ ‘ನಾನು ಕೆಂಪು ದಾರದವನು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ, ಜಗಳದ್ದೇ ಯೋಚನೆ.’ ‘ನಾನು ಕಪ್ಪಿನವಳು. ಒಬ್ಬಳೇ ಇರುವುದರಿಂದ ಅಡುಗೆ ಮಾಡಲು ಮನಸ್ಸಾಗುವುದಿಲ್ಲ. ನೀವು ಕೇಳಿದ ಮೇಲೆ ಎದ್ದು ಅನ್ನಕ್ಕೆ ಇಟ್ಟೆ.’ ಇಂಥವು ನೂರಾರು, ಸಾವಿರಾರು. ಪ್ರತಿಯೊಂದರ ಮೇಲೂ ತುದಿಮನೆಯವನ ಹೆಸರೇ. ಓಲೆ ಅವನದು, ಬೆನ್ನ ಮೇಲಿನ ಸಾಲೂ ಅವನದೇ ಎಂದು ಊರು ತಿಳಿದಿತ್ತು. ಪ್ರತಿಯೊಂದರ ಬುಡದಲ್ಲೂ ‘ನಿಮ್ಮದಾತೇನ್ರಿ?’

ಕೇಳಿದವಳು ಇಲ್ಲಿ ಕೂತಿದ್ದಳು. ಉತ್ತರಗಳೆಲ್ಲ ಅವಳ ಕೈಯಲ್ಲೇ ಇದ್ದವು, ಒಂದೂ ಅವಳದಾಗಿರಲಿಲ್ಲ. ಅವಳು ಅಳಲಿಲ್ಲ. ಒಂದೊಂದನ್ನೂ ಎತ್ತಿ ನೋಡಿದಳು. ಅವಳಿಗೆ ಬೇಕಾದ ಕೈಬರಹ ಅದರಲ್ಲಿರಲಿಲ್ಲ.

ಹೊರೆಯವನು ಬಂದು ಮೂಟೆ ಇಳಿಸಿದ. “ಮೂರನೇ ಸಲ” ಎಂದ.

ಸುಣ್ಣದ ಕುಂಡ ಗೋಡೆಯ ಕೆಳಗೇ ಇತ್ತು. ಓಲೆಯವಳು ಅದನ್ನು ಮುಟ್ಟಲಿಲ್ಲ. ಚಾವಡಿಯ ಬಾಗಿಲು ಎಳೆದು ಅಗುಳಿ ಹಾಕಿದಳು, ಪಡುವಣ ದಾರಿ ಹಿಡಿದಳು. ಹನ್ನೊಂದು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದು ಅದೇ ಮೊದಲು. ಆ ದಿನ ಊರಿಗೆ ಒಂದೂ ಓಲೆ ಹೋಗಲಿಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದರೂ ಓಲೆ ಬರೆಯಬೇಕಿತ್ತು, ಅದು ಚಾವಡಿಗೇ ಬರಬೇಕಿತ್ತು.

ಕೌದಿಯ ಅಂಚು ಹಿಡಿದು ನಡೆದಳು. ತುಂಡುಗಳ ಬಣ್ಣ ಮಾಸುತ್ತ ಬಂತು, ಮನೆಗಳ ನಡುವಿನ ದೂರ ಹೆಚ್ಚುತ್ತ ಬಂತು. ಬಿಸಿಲು ಇಳಿಯುವ ಹೊತ್ತಿಗೆ ಕೌದಿ ಮುಗಿಯಿತು. ಮೂಲೆಯ ತುಂಡು ನೀಲಿಯಿತ್ತು. ಹೊಲಿಗೆ ಎಷ್ಟು ಸಣ್ಣದೆಂದರೆ ಅವಳು ಬಗ್ಗಿ ನೋಡಬೇಕಾಯಿತು. ಇಷ್ಟು ಚೆಂದದ ಹೊಲಿಗೆಯನ್ನು ‘ನೋಡಿ ಹೇಳಿ’ ಎಂದು ಅವನು ಇಷ್ಟು ವರ್ಷ ಕೇಳಿದ್ದ.

ಮನೆಯ ಕಟ್ಟೆಯ ಮೇಲೆ ಒಬ್ಬಳು ಕೂತಿದ್ದಳು. ಕುರುಚಲಿನಲ್ಲಿ ಆಡು ಮೇಯಿಸುವವಳು. ಅವಳು ಕೌದಿಯವಳಲ್ಲ, ಗೋಡೆಯಲ್ಲಿ ಅವಳ ಹೆಸರಿಲ್ಲ. ಹಾಗಾಗಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದಳು.

“ಯಾರು ಬೇಕಾಗಿತ್ತ, ತಂಗಿ?”

“ಈ ಮನಿಯವರು, ಅಕ್ಕಾ.”

“ಅವರು ಹೋಗಿ ಮೂರ ದಿನಾ ಆತು. ನಾವೇ ನಾಕ ಮಂದಿ ಮಣ್ಣ ಮಾಡಿದ್ವಿ. ಯಾರಿಗೆ ಹೇಳ್ಬೇಕು ತಿಳೀಲಿಲ್ಲ, ನಮಗ ಬರಿಯಾಕ ಬರಂಗಿಲ್ಲ.”

ಓಲೆಯವಳು ಕಟ್ಟೆಯ ಮೇಲೆ ಕೈಯೂರಿ ನಿಂತಳು. ಆಡಿನವಳು ಅವಳ ಮುಖ ನೋಡಿ, ಎದ್ದು, ಬಾಗಿಲು ನೂಕಿದಳು.

ಒಳಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾರ ಕಟ್ಟಿತ್ತು. ದಾರದ ಉದ್ದಕ್ಕೂ ಓಲೆಗಳು. ಊರಿನ ಓಲೆಗಳಲ್ಲ, ಅವನವೇ. ಅವನು ಬರೆದು, ಅವಳು ಒತ್ತಿ, ಎಲ್ಲರ ಜೊತೆ ಅವನಿಗೂ ತಿರುಗಿ ಬಂದ ಪ್ರತಿಗಳು. ಮೊಟ್ಟಮೊದಲನೆಯದನ್ನು ಬಿಟ್ಟು ಒಂದೊಂದರ ಬುಡವೂ ಕತ್ತರಿಸಿತ್ತು. ಅವಳ ಕತ್ತರಿಯ ಗುರುತು, ಎಡಕ್ಕೆ ಸ್ವಲ್ಪ ಓರೆ. ಆ ಓರೆ ಅಂಚಿನ ಮೇಲೆ, ಪ್ರತಿ ಓಲೆಯಲ್ಲೂ, ಸಣ್ಣ ಅಕ್ಷರದಲ್ಲಿ ಒಂದೇ ಪದ ಬರೆದಿತ್ತು.

‘ಮುಟ್ಟಿತು.’

“ದಿನಾ ಓಲಿ ಬಂದ ಕೂಡ್ಲೆ ಬುಡಾ ನೋಡ್ತಿದ್ರು” ಎಂದಳು ಆಡಿನವಳು ಹಿಂದಿನಿಂದ. “ಬುಡಾ ಕತ್ತರಿಸಿದ್ರ ನಗತಿದ್ರು. ನಾ ಕೇಳಿದೆ ಒಮ್ಮಿ, ‘ಯಣ್ಣಾ, ನಿನ್ನ ಮಾತು ಹರದ ಒಗದಾರ, ನೀ ನಗತೀಯಲ್ಲ’ ಅಂತ. ‘ಊರಿಗೆ ಬರದದ್ದು ಮ್ಯಾಲಿನ ಸಾಲು, ತಂಗಿ’ ಅಂದ್ರು. ‘ಬುಡದ್ದು ಕತ್ತರಿ ಹಿಡದವರಿಗೆ. ಕತ್ತರಿಸಿದ್ರ ಓದ್ಯಾರ ಅಂತ ಲೆಕ್ಕ. ಯಾರೋ ಒಬ್ಬರು ಅದಾರ ಅಲ್ಲಿ’ ಅಂದ್ರು.”

ಓಲೆಯವಳು ದಾರದುದ್ದಕ್ಕೂ ನಡೆದಳು. ಮುಟ್ಟಿತು. ಮುಟ್ಟಿತು. ಮುಟ್ಟಿತು. ಹನ್ನೊಂದು ವರ್ಷ ಅವಳು ಉತ್ತರ ಕೊಡಲಾಗದೆ ಸಂಕಟಪಟ್ಟಿದ್ದಳು, ಹನ್ನೊಂದು ವರ್ಷವೂ ಉತ್ತರ ಹೋಗುತ್ತಲೇ ಇತ್ತು. ದಾರದ ಕೊನೆಗೆ ಒಂದು ಓಲೆ ಉಳಿದಿತ್ತು. ಅದರ ಬುಡಕ್ಕೆ ಕತ್ತರಿ ಬಿದ್ದಿರಲಿಲ್ಲ, ಎರಡು ಪದಗಳು ಹಾಗೇ ಇದ್ದವು. ಅದರ ಕೆಳಗೆ ಅವನು ‘ಮುಟ್ಟಿತು’ ಎಂದು ಬರೆದಿರಲಿಲ್ಲ. ‘ಕತ್ತರಿಯವರು ಇವತ್ತು ಇಲ್ಲವೇನೋ. ಹುಷಾರಿಲ್ಲವೇನೋ’ ಎಂದು ಬರೆದಿದ್ದ.

“ಆ ಓಲಿ ಬಂದಾಗಿಂದ ಸೊರಗಿದ್ರು” ಎಂದಳು ಆಡಿನವಳು. “ದಿನಾ ದಾರಿ ಕಡೆ ನೋಡ್ಕೋತ ಕುಂದರತಿದ್ರು. ಮತ್ತೊಂದು ಬರೀರಿ ಅಂದೆ. ‘ಅಲ್ಲಿ ಯಾರೂ ಇಲ್ದಿದ್ರ ಯಾರಿಗೆ ಬರೀಲಿ’ ಅಂದ್ರು.”

ಆಗ ಓಲೆಯವಳು ಅತ್ತಳು. ಯಾರೂ ಕೇಳಬಾರದೆಂದು ಸೆರಗು ಕಚ್ಚಿಕೊಂಡು ಅತ್ತಳು. ಕತ್ತರಿಸಿದ ದಿನಗಳೆಲ್ಲ ನೆಟ್ಟಗಿದ್ದವು. ಕತ್ತರಿಸದೆ ಬಿಟ್ಟ ಒಂದು ದಿನ ಎಲ್ಲವನ್ನೂ ಮುರಿದಿತ್ತು.

ಆಡಿನವಳು ಅವಳನ್ನು ತಡೆಯಲಿಲ್ಲ. ಅಳು ಕಡಿಮೆಯಾದ ಮೇಲೆ, ಮನೆಗೆ ಬಂದವರನ್ನು ಯಾರಾದರೂ ಕೇಳುವ ಹಾಗೆ ಕೇಳಿದಳು.

“ಊಟ ಆತೇನ, ತಂಗಿ?”

ಬಾಯಿಂದ ಬಂದ ಮಾತು. ಅವಳ ಮುಖ ನೋಡಿಯೇ ಕೇಳಿದ್ದು. ಓಲೆಯವಳ ನಾಲಿಗೆಯ ತುದಿಯವರೆಗೆ “ಆತ್ರಿ” ಬಂತು. ಅಲ್ಲೇ ನಿಂತಿತು.

“ಇಲ್ಲಕ್ಕಾ” ಎಂದಳು. “ಭಾಳ ದಿನಾ ಆತು, ಇಲ್ಲ.”

ಆಡಿನವಳು ಗಂಟು ಬಿಚ್ಚಿ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು, ಮೇಲೆ ಗುರೆಳ್ಳು ಚಟ್ನಿ ಇಟ್ಟಳು. ಇಬ್ಬರೂ ಹೊಸ್ತಿಲ ಮೇಲೆ ಕೂತು ಉಂಡರು. ಆಡುಗಳು ನೀಲಿ ತುಂಡನ್ನು ತುಳಿಯದೆ ಸುತ್ತಿ ಹೋದವು.

ಮರುದಿನ ಚಾವಡಿಯ ಬಾಗಿಲು ತೆರೆಯಿತು. ಓಲೆಯವಳು ಸುಣ್ಣದಲ್ಲಿ ಕುಂಚ ಅದ್ದಿ ತುದಿಮನೆಯವನ ಹೆಸರಿನ ಮೇಲೆ ಎಳೆದಳು. ಸುಣ್ಣ ಒದ್ದೆಯಿರುವವರೆಗೆ ಹೆಸರು ಕೆಳಗೆ ಕಾಣುತ್ತಿತ್ತು. ಒಣಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಕಾಣಲಿಲ್ಲ.

ಕೆಂಪು ಕಪ್ಪಿನ ಜಗಳ ಯಾರಿಗೂ ನೆನಪಿರಲಿಲ್ಲ. ಆದರೆ ಊರಿಗೆ ಹೊಸ ಚಟ ಹತ್ತಿತ್ತು. ಅಸ್ತರಿಯ ವಿಷಯ ಬರೆದವರೂ ಸೂಜಿಯ ವಿಷಯ ಬರೆದವರೂ ಬುಡದಲ್ಲಿ ಸ್ವಲ್ಪ ಜಾಗ ಬಿಟ್ಟು ಅದೇ ಎರಡು ಪದ ಬರೆಯುತ್ತಿದ್ದರು. ಹಿರಿಯ ಹೊಲಿಗೆಯವರ ಓಲೆ ಬಂತು. ‘ಇದು ಅತಿಯಾಯಿತು. ಎಲ್ಲದಕ್ಕೂ ಕತ್ತರಿ ಬೀಳಲಿ.’ ಅವರಿಗೂ ಚಟ ಹತ್ತಿತ್ತೋ ಏನೋ, ಆ ಓಲೆಯ ಬುಡದಲ್ಲೂ ಅದೇ ಸಾಲು ಇತ್ತು.

ಓಲೆಯವಳು ಮೂಟೆಯನ್ನು ಪಕ್ಕಕ್ಕೆ ಸರಿಸಿದಳು. ಗೂಡಿನಿಂದ ರೊಟ್ಟಿ ತೆಗೆದಳು, ಕೂತು, ನಿಧಾನವಾಗಿ, ಪೂರ್ತಿ ಉಂಡಳು. ಕೈ ತೊಳೆದಳು.

ಆಮೇಲೆ ಕತ್ತರಿ ಎತ್ತಿಕೊಂಡಳು. ಮೊದಲ ಓಲೆಯ ಬುಡದಲ್ಲಿ ಎಡಕ್ಕೆ ಸ್ವಲ್ಪ ಓರೆಯಾಗಿ, ಒಂದಕ್ಷರವೂ ತುಂಡಾಗದ ಹಾಗೆ, ಆ ಸಾಲನ್ನು ಕತ್ತರಿಸಿದಳು.

“ಆತ್ರಿ” ಎಂದಳು.